ಮಾವನವರ ಹಣೆಯೂ ನನ್ನ ಬಿದಿರೂ

ಬಿದಿರು ಬರೆಯುವುದು ಬಹಳ ಸುಲಭ. ನಾಲ್ಕು ಗೆರೆ, ಆರೇಳು ಎಲೆ, ಮಿಕ್ಕದ್ದೆಲ್ಲ ಖಾಲಿ ಹಾಳೆ. ಖಾಲಿ ಬಿಟ್ಟ ಜಾಗವನ್ನೂ ಕಲೆ ಎಂದು ಒಪ್ಪಿಕೊಳ್ಳುವ ವಿದ್ಯೆಯೊಂದು ಜಪಾನಿನಲ್ಲಿದೆ ಎಂದು ತಿಳಿದ ದಿನವೇ, ಅದು ನನಗಾಗಿಯೇ ಹುಟ್ಟಿದ್ದೆಂದು ತೀರ್ಮಾನಿಸಿದೆ.

ಅದಕ್ಕೂ ಮುಂಚೆ ನಾನು ಕೈಕಟ್ಟಿ ಕೂತಿದ್ದೆನೆಂದು ತಿಳಿಯಬೇಡಿ. ಕಾಫಿ ಡಿಕಾಕ್ಷನ್ನಿನಲ್ಲಿ ಬರೆದ ನನ್ನ ಭೂದೃಶ್ಯವನ್ನು ಇರುವೆಗಳು ತಿಂದಿದ್ದವು. ಸಕ್ಕರೆ ಬೆರೆಸಿದ್ದು ನನ್ನ ತಪ್ಪು. ಹಳೆಯ ಬಸ್ ಟಿಕೆಟ್ಟುಗಳನ್ನು ಅಂಟಿಸಿ ಮಾಡಿದ ‘ನಗರ’ ಎಂಬ ಕೃತಿಯನ್ನು ಹೆಂಡತಿ ಪದ್ಮಜಾ ಯುಗಾದಿಯ ಹಿಂದಿನ ದಿನ ಗುಡಿಸಿ ಹಾಕಿದ್ದಳು. ‘ಹೊಸತನ್ನು ಸಮಾಜ ಮೊದಲು ಗುಡಿಸುತ್ತದೆ, ಆಮೇಲೆ ಗುರುತಿಸುತ್ತದೆ’ ಎಂದು ನಾನು ಆಗ ಹೇಳಿದೆನಂತೆ. ನನಗೆ ನೆನಪಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನೂ ಅಲ್ಲ. ಅದು ಎಲ್ಲವನ್ನೂ ಮಡಚಿ, ಇಸ್ತ್ರಿ ಹಾಕಿ ಕೈಗೆ ಕೊಡುತ್ತದೆ. ಬದುಕು ಹಾಗೆ ಇಸ್ತ್ರಿಯಾಗಿ ಬಂದದ್ದನ್ನು ನಾನಂತೂ ನೋಡಿಲ್ಲ. ಈ ಕಥೆಯಲ್ಲಿ ಮುಖ್ಯ ಅಪರಾಧಿಯೂ ಅದೇ.

ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ರೇವತಿ ಮೇಡಂ ಎಂಬವರು ಈ ಮಸಿಚಿತ್ರ ಕಲಿಸುತ್ತಾರೆ. ಜಪಾನಿನಲ್ಲಿ ಕಲಿತು ಬಂದವರು. ಮಾತು ಕಡಿಮೆ, ಆಡಿದರೆ ಗಾದೆ.

“ಬಿದಿರನ್ನ ನೋಡ್ಕೊಂಡು ಬರೀಬೇಡಿ ಸಾರ್. ಮೊದಲು ಬಿದಿರಾಗಿ.”

“ಆಗ್ತೀನಿ ಮೇಡಂ” ಎಂದೆ. ಅಷ್ಟು ಸುಲಭವಾಗಿ!

ಬಿದಿರಾಗಲೆಂದು ಬನಶಂಕರಿಯ ನಮ್ಮ ಮನೆಯ ಹತ್ತಿರದ ಪಾರ್ಕಿಗೆ ಹೋಗಿ, ಮೂಲೆಯಲ್ಲಿದ್ದ ಬಿದಿರುಮೆಳೆಯ ಮುಂದೆ ಕಣ್ಣು ಅರೆಮುಚ್ಚಿ ಕೂತೆ. ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನಿಂತರು.

“ಕಾರ್ಪೊರೇಷನ್ನಿಂದ ಬಂದಿದೀರಾ ಸಾರ್?”

“ಇಲ್ಲ ಅಂಕಲ್. ಸುಮ್ನೆ ಬಿದಿರು ನೋಡ್ತಿದೀನಿ.”

“ನೋಡಿ, ಚೆನ್ನಾಗಿ ನೋಡಿ. ಬೇಗ ಕಡಿಸಿಬಿಡಿ. ಹಾವು ಬರುತ್ತೆ.”

ನಿಸರ್ಗದೊಡನೆ ನನ್ನ ಮೊದಲ ಸಂವಾದ ಹೀಗೆ ಮುಗಿಯಿತು.

ಈ ವಿದ್ಯೆಯ ಮಸಿ ಬಾಟಲಿಯಲ್ಲಿ ಬರುವುದಿಲ್ಲ, ಕಡ್ಡಿಯ ರೂಪದಲ್ಲಿ ಬರುತ್ತದೆ. ಬೆರಳುದ್ದದ ಕಪ್ಪು ಕಡ್ಡಿ, ಮೈಮೇಲೆ ಬಂಗಾರದ ಬಣ್ಣದ ಜಪಾನಿ ಅಕ್ಷರ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಗಂಧ ತೇಯುವ ಹಾಗೆ ತೇಯಬೇಕು.

“ತೇಯೋದೇ ಧ್ಯಾನ” ಎಂದರು ಮೇಡಂ. “ದೀಪದ ಕಾಡಿಗೆಗೆ ಅಂಟು ಸೇರಿಸಿ ಮಾಡಿರ್ತಾರೆ.”

“ಎಂಥ ಅಂಟು ಮೇಡಂ?”

“ಪ್ರಾಣಿ ಚರ್ಮ ಕುದಿಸಿ ತೆಗೆದಿದ್ದು ಸಾರ್.”

ನಾನು ಗಂಭೀರವಾಗಿ ತಲೆಯಾಡಿಸಿದೆ. ಮನೆಗೆ ಬಂದು ಪದ್ಮಜಾಳಿಗೆ ಕಾಡಿಗೆಯ ವಿಷಯ ಹೇಳಿದೆ, ಧ್ಯಾನದ ವಿಷಯ ಹೇಳಿದೆ. ಅಂಟಿನ ವಿಷಯ ಹೇಳಲಿಲ್ಲ. ತೇಯುವ ಕಲ್ಲಿಗಾಗಿ ದೇವರ ಮನೆಯ ಕಡೆ ನೋಡಿದೆ. “ಸಾಣೆಕಲ್ಲು ಮುಟ್ಟಿದ್ರೆ ನೋಡಿ!” ಎಂದು ಅಡುಗೆಮನೆಯಿಂದಲೇ ಕೂಗಿದಳು. ನನ್ನ ಬೆನ್ನು ನೋಡಿಯೇ ಮನಸ್ಸು ಓದುತ್ತಾಳೆ. ಕೊನೆಗೆ ಅಡುಗೆಕಟ್ಟೆಗೆ ಹಾಕಿಸಿದಾಗ ಉಳಿದಿದ್ದ ಕಡಪಾ ಕಲ್ಲಿನ ತುಂಡೇ ಗತಿಯಾಯಿತು. ಜಪಾನು ಮತ್ತು ಕಡಪಾಗಳ ಮಿಲನ ಕಲಾಚರಿತ್ರೆಯಲ್ಲಿ ಇದೇ ಮೊದಲಿರಬೇಕು.

ಅಷ್ಟರಲ್ಲಿ ಬಾಗಲಕೋಟೆಯಿಂದ ಮಾವನವರು ಬರುವ ಸುದ್ದಿ ಬಂತು.

ಮಾವನವರ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ವಿಭೂತಿಯ ಮನೆ, ಅವರದು ಗೋಪೀಚಂದನದ ಮುದ್ರೆಯ ಮನೆ. ಮದುವೆ ನಾವಿಬ್ಬರೇ ನಿಶ್ಚಯಿಸಿಕೊಂಡದ್ದು. ಹುಡುಗ ವಿಭೂತಿಯವನು, ಮೇಲಾಗಿ ಚಿತ್ರ ಬರೆಯುವವನು. ಇವೆರಡರಲ್ಲಿ ಯಾವುದು ದೊಡ್ಡ ಅಪರಾಧ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಜಗಳವನ್ನೂ ಆಡಲಿಲ್ಲ. ಬರುತ್ತಿದ್ದರು, ಮಗಳ ತಲೆ ಸವರುತ್ತಿದ್ದರು, ಊಟದ ಹೊತ್ತಿಗೆ ಸರಿಯಾಗಿ “ಮಠಕ್ಕ ಹೋಗಿ ಬರ್ತೀನಿ” ಎಂದು ಎದ್ದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಹಾಲು ಹಣ್ಣು ಬಿಟ್ಟು ಒಂದು ತುತ್ತು ಅನ್ನ ಅವರ ಬಾಯಿಗೆ ಹೋಗಿರಲಿಲ್ಲ. ಅವರು ಎದ್ದು ಹೋದ ಮೇಲೆ ಪದ್ಮಜಾ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಈ ಸಲ ಜಯನಗರದ ಮಠವೊಂದರಲ್ಲಿ ವಾರವಿಡೀ ಪ್ರವಚನ. ಬಂದ ದಿನವೇ ಕುರ್ಚಿಯಲ್ಲಿ ಕೂತು, ಅದರ ಕೈಮೇಲೆ ಬೆರಳಿನಿಂದ ತಾಳ ಹಾಕುತ್ತ ಹೇಳಿದರು:

“ಏಕಾದಶಿ ಉಪವಾಸ ಮುಗದ ಮ್ಯಾಲೆ ದ್ವಾದಶಿ ಪಾರಣಿ ಇಲ್ಲೇ ಮಾಡ್ತೀನವಾ, ಪದ್ದೀ. ಅಗಸಿ ಸೊಪ್ಪು ಸಿಗತದೇನು ಈ ಊರಾಗ?”

ಉಪವಾಸದ ಮರುದಿನದ ಆ ಮೊದಲ ಊಟವನ್ನು ಕಂಡಕಂಡಲ್ಲಿ ಉಣ್ಣುವ ಜನವಲ್ಲ ಅವರು. ಪದ್ಮಜಾ “ಸಿಗುತ್ತಪ್ಪಾ” ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪಾತ್ರೆ ಸದ್ದು ಕೇಳಿಸಿತು. ಆಮೇಲೆ ನನ್ನನ್ನು ಕರೆದಳು.

“ರೀ, ಬಾಲ್ಕನೀಲಿ ನಿಮ್ಮ ಕಸ ಎಲ್ಲ ತೆಗೀರಿ. ಅಪ್ಪ ಮಡಿಪಂಚೆ ಒಣಗಹಾಕ್ತಾರೆ. ದ್ವಾದಶಿವರೆಗೂ ಏನೂ ಪ್ರಯೋಗ ಬೇಡ. ಕೈ ಮುಗೀತೀನಿ.”

ನಾನು ಕುಂಚ, ಹಾಳೆ, ಕಡಪಾ ಎಲ್ಲ ಒಳಗೆ ತಂದೆ. ಮಸಿಕಡ್ಡಿಯಲ್ಲಿ ಚರ್ಮದ ಅಂಟು ಇತ್ತಲ್ಲ, ಅದನ್ನು ಮಾತ್ರ ಬಹಳ ಯೋಚಿಸಿ, ಯಾರ ಕೈಗೂ ಸಿಗದ ಒಂದು ಸುರಕ್ಷಿತ ಜಾಗದಲ್ಲಿಟ್ಟೆ. ಎಷ್ಟು ಸುರಕ್ಷಿತವೆಂದರೆ, ಮರುದಿನ ನನಗೂ ಸಿಗಲಿಲ್ಲ.

ಆದರೆ ಸಂಜೆ ಬಾಲ್ಕನಿಗೆ ಹೋದರೆ, ಕಟ್ಟೆಯ ಮೇಲೆ ಬಿಸಿಲಿನಲ್ಲಿ ಬೆರಳುದ್ದದ ಕಪ್ಪು ಕಡ್ಡಿ! ಸರಿ, ಇಲ್ಲೇ ಇಟ್ಟಿದ್ದೇನೆ. ಇಟ್ಟದ್ದು ನನಗೆ ‘ಸ್ಪಷ್ಟವಾಗಿ ನೆನಪಾಯಿತು’. ಕಟ್ಟೆಯ ಮೇಲಿಡುವಾಗ ಪಕ್ಕದ ಮನೆಯ ಕುಕ್ಕರ್ ಕೂಗಿದ್ದೂ ನೆನಪಾಯಿತು. ನೆನಪು ಸುಳ್ಳು ಹೇಳುವಾಗ ಹೀಗೇ ಕುಕ್ಕರ್ ಕೂಗಿಸುತ್ತದೆ. ಮೈಮೇಲಿನ ಬಂಗಾರದ ಅಕ್ಷರಗಳು ಕಾಣಲಿಲ್ಲ. ನನ್ನ ಸಾಧನೆಯ ತೀವ್ರತೆಗೆ ಸವೆದುಹೋಗಿವೆ ಎಂದು ಹೆಮ್ಮೆಪಟ್ಟೆ.

ಪ್ರಯೋಗ ಬೇಡ ಎಂದಿದ್ದಳು, ನಿಜ. ಇದು ಪ್ರಯೋಗವಲ್ಲ, ಧ್ಯಾನ. ಮಾವನವರು ಪ್ರವಚನಕ್ಕೆ ಹೋದಾಗ ಕಡ್ಡಿ ತೇಯುವುದು, ಬಿದಿರು ಬರೆಯುವುದು, ಕಡ್ಡಿಯನ್ನು ಮತ್ತೆ ಕಟ್ಟೆಯ ಮೇಲೆ ಒಣಗಲು ಇಡುವುದು. ವಾರವಿಡೀ ಹೀಗೆ ನಡೆಯಿತು. ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂತು. ಬೆಳಿಗ್ಗೆ ಬರೆದ ಬಿದಿರು ಸಂಜೆಗೆ ತೆಳ್ಳಗಾಗುತ್ತಿತ್ತು. ಮರುದಿನಕ್ಕೆ ಎಲೆಗಳು ಉದುರಿ, ಹಾಳೆಯ ಮೇಲೆ ಬೂದು ಬಣ್ಣದ ಮಬ್ಬು ಉಳಿಯುತ್ತಿತ್ತು.

ಪದ್ಮಜಾ ಕೂಡ ಗಮನಿಸಿದಳು. “ರೀ, ಸ್ವಿಚ್ಚಿನ ಮೇಲೆಲ್ಲ ಕಪ್ಪು ಬೆರಳು! ಫ್ರಿಜ್ ಬಾಗಿಲ ಮೇಲೆ ಕಪ್ಪು ಬೆರಳು! ಏನ್ ಮಾಡ್ತಿದೀರಾ?”

“ಧ್ಯಾನ.”

ಅಂಥ ಒಂದು ಹಾಳೆಯನ್ನು ಹೆದರುತ್ತಲೇ ರೇವತಿ ಮೇಡಂಗೆ ತೋರಿಸಿದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಸಾರ್, ಇದು ಮಂಜು. ಬಿದಿರು ಇದೆ, ಆದ್ರೆ ಇಲ್ಲ. ಈ ಮಂಜು ನನಗೇ ಇನ್ನೂ ಬಂದಿಲ್ಲ. ಹೇಗೆ ಮಾಡಿದ್ರಿ?”

“ಬಿದಿರಾದೆ ಮೇಡಂ” ಎಂದೆ ವಿನಯದಿಂದ.

ಶನಿವಾರ ಸಂಜೆ ಮೇಡಂ ತಮ್ಮ ಮನೆಯ ಹಾಲಿನಲ್ಲೇ ವಿದ್ಯಾರ್ಥಿಗಳ ಚಿತ್ರಗಳನ್ನು ತೂಗುಹಾಕಿ ಜನರಿಗೆ ತೋರಿಸುವವರಿದ್ದರು. ನನ್ನ ಹೊಸ ಬಿದಿರಿಗೆ ನಟ್ಟನಡುವಿನ ಜಾಗ! ಗುರುವಾರ ರಾತ್ರಿಯೇ, ಬೇಗ ತೆಳ್ಳಗಾಗದಿರಲೆಂದು ಎಂದಿಗಿಂತ ದಪ್ಪಗೆ ಮಸಿ ಹಾಕಿ ಬರೆದು, ಶುಕ್ರವಾರ ತಲುಪಿಸಿಬಿಟ್ಟೆ.

ಶನಿವಾರವೇ ಏಕಾದಶಿ. ಬೆಳಿಗ್ಗೆ ಹಲ್ಲುಜ್ಜಿಕೊಂಡು ಬಾಲ್ಕನಿಗೆ ಬಂದವನು ಅಲ್ಲೇ ಕಂಬವಾದೆ. ಸ್ನಾನ, ಪೂಜೆ ಮುಗಿಸಿದ ಮಾವನವರು ಚಾಪೆಯ ಮೇಲೆ ಕೂತಿದ್ದಾರೆ. ಎದುರಿಗೆ ಅವರ ಪುಟ್ಟ ಸಾಣೆಕಲ್ಲು. ಕೈಯಲ್ಲಿ ನನ್ನ ಮಸಿಕಡ್ಡಿ! ತೇಯುತ್ತಿದ್ದಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳಿನಿಂದ ಮಸಿ ತೆಗೆದು, ಕನ್ನಡಿ ಕೂಡ ನೋಡದೆ, ಹಣೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು. ಬೇರೆ ದಿನ ಅದರ ಕೆಳಗೆ ಕೆಂಪು ಅಕ್ಷತೆಯ ಬೊಟ್ಟಿರುತ್ತಿತ್ತು. ಏಕಾದಶಿ ಎಂದು ಅದೂ ಇಲ್ಲ. ಬೆಳ್ಳನೆಯ ಹಣೆ, ಒಂಟಿ ಕಪ್ಪು ಗೆರೆ. ನಾನು ತಿಂಗಳುಗಟ್ಟಲೆ ಒದ್ದಾಡಿದರೂ ಬಾರದ, ರೇವತಿ ಮೇಡಂ ಹೇಳುವ ‘ಒಂದೇ ಉಸಿರಿನ ಗೆರೆ’ ಅದಾಗಿತ್ತು.

“ಏನ್ರಿ ಅಳಿಯಂದ್ರ, ಹಂಗ ನೋಡಲಿಕ್ಕೆ ಹತ್ತೀರಿ?”

“ಅದೇನು ಮಾವ... ಹಣೆಗೆ?”

“ಅಂಗಾರ. ದೇವರ ಮುಂದಿನ ಧೂಪದ ಇದ್ದಲಿ. ತೇದು ಹಚ್ಚಿಕೊಳ್ಳೋದು. ನಿಮ್ಮ ಕಡೆ ಇಲ್ಲಲ್ಲ ಇದು.”

ಅಂಗಾರವಲ್ಲ ಮಾವ, ಅದು ಚರ್ಮ! ಕುದಿಸಿದ ಚರ್ಮ! ಎಂದು ನನ್ನ ಒಳಗೆ ಯಾರೋ ಅರಚಿದರು. ಪ್ರತಿದಿನ ಹಣೆಯಲ್ಲಿ ನೋಡುತ್ತಿದ್ದ ಆ ಗೆರೆ ಎಲ್ಲಿಂದ ಬರುತ್ತಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ. ಪಾಪ, ಕಟ್ಟೆಯ ಮೇಲಿದ್ದ ನನ್ನ ಕಡ್ಡಿಯನ್ನು ತಮ್ಮದೆಂದು ತಿಳಿದು ವಾರವಿಡೀ ಹಚ್ಚಿಕೊಂಡಿದ್ದಾರೆ. ಆ ಹಣೆಯಲ್ಲೇ ಮಠದ ಮೊದಲ ಸಾಲಿನಲ್ಲಿ ಕೂತಿದ್ದಾರೆ! ಹೇಳಿದರೆ ನಾಳೆಯ ಪಾರಣೆ ಗೋವಿಂದ. ನಾಳೆಯದು ಮಾತ್ರವಲ್ಲ, ಈ ಜನ್ಮದ್ದೇ ಗೋವಿಂದ. ಒಳಗೆ ಪದ್ಮಜಾ ಅಗಸೆ ಸೊಪ್ಪು ಬಿಡಿಸುತ್ತ, ಅಪರೂಪಕ್ಕೆ ಏನೋ ಗುನುಗುತ್ತಿದ್ದಳು.

ನಾನು ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಗಾಂಧಿಬಜಾರಿಗೆ ಓಡಿದೆ.

“ಅಂಗಾರ ಕೊಡಿ.”

ಪೂಜಾಸಾಮಗ್ರಿ ಅಂಗಡಿಯವರು ನನ್ನ ಖಾಲಿ ಹಣೆ ನೋಡಿದರು. “ಯಾರಿಗೆ ಸಾರ್?”

“ಮಾವನವರಿಗೆ. ಆದಷ್ಟು ಶುದ್ಧವಾಗಿರೋದು ಕೊಡಿ. ಬಹಳ ಶುದ್ಧ.”

ಮನೆಗೆ ಬಂದಾಗ ಮಾವನವರು ಒಳಗೆ ಜಪಕ್ಕೆ ಕೂತಿದ್ದರು. ಕಟ್ಟೆಯ ಮೇಲಿದ್ದ ಕಡ್ಡಿಯನ್ನು ಎತ್ತಿ ಜೇಬಿಗಿಳಿಸಿ, ಅಂಗಡಿಯ ಅಂಗಾರವನ್ನು ಅದೇ ಜಾಗದಲ್ಲಿಟ್ಟೆ. ಒಂದು ಧರ್ಮಕಾರ್ಯ ಮುಗಿಯಿತು ಎಂದು ಉಸಿರುಬಿಟ್ಟೆ.

ಮಧ್ಯಾಹ್ನ ಬಾಲ್ಕನಿಯಿಂದ ಮಾವನವರ ಧ್ವನಿ ಬಂತು. “ಪದ್ದೀ, ಇದು ನನ್ನ ಅಂಗಾರ ಅಲ್ಲ ನೋಡವಾ!”

ಪದ್ಮಜಾ ಓಡಿಬಂದಳು. ನಾನು ಓಡದೆ ಬಂದೆ.

“ಅಳಿಲು ತಗೊಂಡು ಹೋಗಿರುತ್ತೆ ಮಾವ. ಈ ಏರಿಯಾದಲ್ಲಿ ಅಳಿಲು ಜಾಸ್ತಿ.”

“ಅಳಿಲು ಒಯ್ದು, ಅಂಗಡಿಯಾಗಿಂದ ಬ್ಯಾರೆ ತಂದಿಟ್ಟದ ಏನ್ರಿ?”

“ಬೆಂಗಳೂರಿನ ಅಳಿಲು ಮಾವ” ಎಂದೆ. ಪದ್ಮಜಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಣ್ಣು ನನ್ನ ಜೇಬಿನ ಹತ್ತಿರ ಸ್ವಲ್ಪ ಹೊತ್ತು ನಿಂತಿತು.

ಸಂಜೆ ಚಿತ್ರಪ್ರದರ್ಶನಕ್ಕೆ ನಾನೊಬ್ಬನೇ ತಪ್ಪಿಸಿಕೊಂಡು ಹೊರಡುವವನಿದ್ದೆ. “ನಾನೂ ಬರ್ತೀನಿ ನಡೀರಿ. ಉಪವಾಸದ ದಿನಾ, ಹೊತ್ತು ಹೋಗಬೇಕಲ್ಲ” ಎಂದು ಮಾವನವರೂ ಶಲ್ಯ ಹೊದ್ದರು. ಪದ್ಮಜಾ ಅವರ ಹಿಂದೆ. ಮೋಡ ಕವಿದಿತ್ತು. ಬಾಗಿಲ ಹಿಂದೆ ನೇತುಹಾಕಿದ್ದ ಕಪ್ಪು ಕೊಡೆಯನ್ನು ಅವಳು ನನ್ನ ಕೈಗೆ ಕೊಟ್ಟಳು.

ರೇವತಿ ಮೇಡಂ ಹಾಲಿನಲ್ಲಿ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ಚಿತ್ರಗಳನ್ನು ತೂಗುಬಿಟ್ಟಿದ್ದರು. ಸೆಖೆಯೋ ಸೆಖೆ. ನಡುವಿನಲ್ಲಿ ನನ್ನ ಬಿದಿರು. ಸುತ್ತ ಆರೇಳು ಜನ.

“ಈ ಚಿತ್ರದಲ್ಲಿ ಮಂಜು ಇದೆ” ಎಂದು ಮೇಡಂ ಶುರುಮಾಡಿದರು. “ಒಳ್ಳೇ ಚಿತ್ರ ನಿಸರ್ಗದಿಂದ ಬರುತ್ತೆ, ವಾಪಸ್ ನಿಸರ್ಗಕ್ಕೇ ಹೋಗುತ್ತೆ.”

ಆಗ ಯಾರೋ ಪುಣ್ಯಾತ್ಮರು ಫ್ಯಾನ್ ಹಾಕಿದರು.

ಹಾಳೆ ಪಟಪಟ ಬಡಿಯಿತು. ಮೊದಲು ಎಲೆಗಳು ಹೋದವು. ಆಮೇಲೆ ಕಾಂಡ ಗೆಣ್ಣುಗೆಣ್ಣಾಗಿ ಸಡಿಲಿ, ಮುಂದಿನ ಸಾಲಿನಲ್ಲಿ ನಿಂತಿದ್ದವರ ಬಿಳಿ ಅಂಗಿಯ ಮೇಲೆ ಇಳಿಯಿತು. ಫ್ಯಾನ್ ಆರಿಸುವಷ್ಟರಲ್ಲಿ ಮಂಜೊಂದೇ ಉಳಿದಿತ್ತು. ಬಿದಿರು ನಿಸರ್ಗಕ್ಕೆ ಹೋಗಿತ್ತು!

ಎಲ್ಲರೂ ಹಿಂದೆ ಸರಿದರು. ಮಾವನವರು ಮಾತ್ರ ಮುಂದೆ ಬಂದು ಬಗ್ಗಿದರು. ನೆಲದ ಮೇಲಿನ ಕಪ್ಪು ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದರು. ಮೂಸಿದರು.

“ಇದು ನನ್ನ ಅಂಗಾರ ಅದರೀ!”

“ಏನು?” ಎಂದೆ.

“ನಮ್ಮೂರ ಮಠದ್ದು. ಈ ಧೂಪದ ವಾಸನಿ ನನಗ ಗೊತ್ತಾಗಂಗಿಲ್ಲೇನು? ನನ್ನ ಅಂಗಾರ ಕಳವು ಮಾಡಿ ಚಿತ್ರಾ ಬರದೀರಿ ಅಳಿಯಂದ್ರ!”

ಅಷ್ಟು ಜನರ ಮುಂದೆ ಕಳ್ಳನೆಂದು ಕರೆಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯ ಇನ್ನೊಬ್ಬನಿರಲಾರ. “ನಿಜವಾಗ್ಲೂ ಅಂಗಾರಾನೇನಾ ಮಾವ? ನೂರಕ್ಕೆ ನೂರು?” ಎಂದು ಅವರ ಕೈ ಹಿಡಿದುಕೊಂಡೆ. ಜೇಬಿನಿಂದ ಕಡ್ಡಿ ತೆಗೆದು ತೋರಿಸಿದೆ. ಮೂಸಿ, “ಇದಽ ನೋಡ್ರಿ” ಎಂದರು. ಅಂದರೆ ಅವರು ನನ್ನ ಮಸಿ ಹಚ್ಚಿಕೊಂಡಿರಲಿಲ್ಲ. ನಾನೇ ಅವರ ಅಂಗಾರದಲ್ಲಿ ಬರೆದಿದ್ದೆ! ಅವರ ಹಣೆ ಶುದ್ಧ. ಮಠ ಶುದ್ಧ. ಅಗಸೆ ಸೊಪ್ಪು ಶುದ್ಧ. ಎದೆಯ ಮೇಲಿದ್ದ ಕಡಪಾ ಕಲ್ಲು ಇಳಿದ ಹಾಗಾಯಿತು.

“ಅಂಗಾರಾ ಹಣೀ ಮ್ಯಾಲೆನಽ ಮಧ್ಯಾಹ್ನದತನಕಾ ನಿಲ್ಲಂಗಿಲ್ಲ. ಹಾಳಿ ಮ್ಯಾಲೆ ಹ್ಯಾಂಗ ನಿಂತೀತು?” ಎಂದರು ಮಾವನವರು.

ರೇವತಿ ಮೇಡಂ ನನ್ನ ಕಡೆ ನೋಡುತ್ತಿದ್ದರು. “ಹಾಗಾದ್ರೆ ಆ ಮಂಜು...” ಎಂದರು. ಮುಂದೆ ಹೇಳಲಿಲ್ಲ. ಹೇಳದೆ ಬಿಟ್ಟ ಖಾಲಿ ಜಾಗದಲ್ಲಿ ಎಲ್ಲವೂ ಇತ್ತು.

ಹೊರಗೆ ಮಳೆ ಶುರುವಾಗಿತ್ತು. ಗೇಟಿನ ಹತ್ತಿರ ಪದ್ಮಜಾ ಕೇಳಿದಳು. “ಅಲ್ಲಾರೀ, ಇದು ಅಪ್ಪಂದಾದ್ರೆ ನಿಮ್ಮ ಜಪಾನಿ ಕಡ್ಡಿ ಎಲ್ಲಿ?”

“ಅದೇ ಗೊತ್ತಾಗ್ತಿಲ್ಲ” ಎನ್ನುತ್ತ ಕೊಡೆ ಬಿಚ್ಚಿದೆ.

ಟಣ್ಣನೆ ಏನೋ ತಲೆಗೆ ಬಡಿದು ಕೆಳಗೆ ಬಿತ್ತು. ಬೆರಳುದ್ದದ ಕಪ್ಪು ಕಡ್ಡಿ. ಮೈತುಂಬ ಬಂಗಾರದ ಅಕ್ಷರ. ಯಾರ ಕೈಗೂ ಸಿಗದ ಸುರಕ್ಷಿತ ಜಾಗ! ಮಾವನವರು ಬಗ್ಗಿ ಎತ್ತಿಕೊಳ್ಳಲು ಹೋದರು.

“ಮುಟ್ಬೇಡಿ ಮಾವ!”

ಇಬ್ಬರೂ ತಿರುಗಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮಳೆಯಲ್ಲಿ ನೆನೆಯುತ್ತಲೇ ಎಲ್ಲ ಹೇಳಿದೆ. ಚರ್ಮ, ಅಂಟು, ಕಟ್ಟೆ, ಗಾಂಧಿಬಜಾರು, ಅಳಿಲು. ಪದ್ಮಜಾಳ ಮುಖ ಸಪ್ಪಗಾಯಿತು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ಅಪ್ಪನನ್ನು.

ಮಾವನವರು ಕಡ್ಡಿಯನ್ನು ಎತ್ತಿಕೊಂಡೇಬಿಟ್ಟರು. ತಿರುಗಿಸಿ ನೋಡಿದರು.

“ಅಳಿಯಂದ್ರ, ಹರೇದಾಗಿಂದ ಭಜನ್ಯಾಗ ತಬಲಾ ಬಾರಸ್ತೀನಿ ನಾನು. ಅದರ ಬಾಯಿಗೆ ಏನು ಬಿಗದಿರತಾರ? ಬಾಳಿ ಎಲಿ ಏನು?”

“ಚರ್ಮ.”

“ಬಾರಸ್ತೀನಿ, ಕೈ ತೊಳಕೋತೀನಿ. ಮುಗೀತು.”

“ಆದ್ರೆ ಹಣೆಗೆ ಹಚ್ಕೊಂಡಿದ್ದಿದ್ರೆ ಮಾವ?”

“ಸ್ನಾನಾ ಮಾಡ್ತಿದ್ದೆ. ನೀವು ಬಿಸಿನೀರು ಕಾಸಿ ಕೊಡ್ತಿದ್ರಿ.” ಕಡ್ಡಿಯನ್ನು ನನ್ನ ಅಂಗೈಗೆ ಹಾಕಿ, ಮಳೆನೀರಿಗೆ ಕೈಯೊಡ್ಡಿ ತೊಳೆದುಕೊಂಡರು. “ನಡಿಯವಾ ಪದ್ದೀ, ಇವರ ಸಂಗಡ ನಿಂತ್ರ ನೆಗಡಿ ಬರತದ. ನಾಳೆ ಲಗೂನ ಏಳಬೇಕು.”

ಮರುದಿನ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ ನಮ್ಮ ಮನೆಯಲ್ಲಿ ಬಾಳೆಎಲೆ ಹಾಸಿತ್ತು. ಮಾವನವರ ಹಣೆಯಲ್ಲಿ ಕಪ್ಪು ಗೆರೆ, ಕೆಳಗೆ ಕೆಂಪು ಅಕ್ಷತೆ. ಅಗಸೆ ಸೊಪ್ಪಿನ ಪಲ್ಯದಿಂದ ಶುರುಮಾಡಿದರು. ಪದ್ಮಜಾ ಸೌಟು ಹಿಡಿದು ನಿಂತೇ ಇದ್ದಳು. ಅವರು ತಲೆಯೆತ್ತದೆ, “ಇನ್ನಷ್ಟು ಹಾಕವಾ” ಎಂದರು. ಅವಳು ಹಾಕಿದಳು. ಆಮೇಲೆ ಒಳಗೆ ಹೋದಳು. ಪಾತ್ರೆ ಸದ್ದಿಗಾಗಿ ಕಿವಿಗೊಟ್ಟೆ. ಬರಲಿಲ್ಲ.

ಕಥೆ ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ಊರಿಗೆ ಹೊರಡುವಾಗ ಮಾವನವರು ಇನ್ನೊಂದು ಮಾತು ಹೇಳಿದರು.

“ಅಳಿಯಂದ್ರ, ಆ ನಿಮ್ಮ ಚಿತ್ರಾ ಕೊಡ್ರಿ. ನಾ ಒಯ್ತೀನಿ.”

ಇಷ್ಟು ವರ್ಷದಲ್ಲಿ ನನ್ನ ಚಿತ್ರವೊಂದನ್ನು ಬಾಯಿಬಿಟ್ಟು ಕೇಳಿದ ಮೊದಲ ಮನುಷ್ಯ! ಮೇಡಂ ಮನೆಯಿಂದ ವಾಪಸ್ ತಂದಿದ್ದ ಹಾಳೆಯನ್ನು ಸುರುಳಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

“ಎಲ್ಲಿ ಹಾಕ್ತೀರಿ ಮಾವ? ಪಡಸಾಲೇಲೋ, ದೇವರ ಮನೇಲೋ?”

“ಘಟಪ್ರಭಾದಾಗ.”

“ಏನು?”

“ದೇವರ ಅಂಗಾರ ಹತ್ತೇದಲ್ಲ, ಕಸಕ್ಕ ಹಾಕಬಾರದು. ಹೊಳಿಗೆ ಬಿಡ್ತೀನಿ.”

ವಾರದ ನಂತರ ಫೋನು ಬಂತು. ಬಿಟ್ಟರಂತೆ. ತಡೆಯಲಾರದೆ ಕೇಳಿದೆ. “ಹೇಗೆ ಕಾಣ್ತಿತ್ತು ಮಾವ, ನೀರಿನ ಮೇಲೆ?”

ಸ್ವಲ್ಪ ಯೋಚಿಸಿದರು. ಮಾವನವರು ಸುಳ್ಳು ಹೇಳುವವರಲ್ಲ.

“ಲಗೂನ ಮುಳುಗಿತು ನೋಡ್ರಿ.”